ಮೊದಲ ಟ್ರ್ಯಾಕ್ ಡೇಗೆ ಬುದ್ಧ ಸರ್ಕ್ಯೂಟ್ ಯಾಕ್ ಬೇಕ್ರೀ?

ಸಂಪಾದಕರಿಗೆ ನಮಸ್ಕಾರ್ರೀ,

ಹೋದ ಐತವಾರದ ನಿಮ್ಮ ಪುರವಣ್ಯಾಗ ರೇಸ್ ಸರ್ಕ್ಯೂಟಿನ್ಯಾಗ ತಮ್ಮ ಗಾಡಿ ಓಡಿಸೋ ಟ್ರ್ಯಾಕ್ ಡೇ ಅನ್ನೋ ಹೊಸಾ ಹುಚ್ಚಿನ ಬಗ್ಗೆ ಅರ್ಧ ಪೇಜ್ ಬರದಿದ್ರಿ. ಫೋಟೋ ಛಲೋ ಇದ್ವು, ನಮ್ಮ ಕಡೆ ಪೇಪರ್‌ದಾಗ ಇಂಥಾದ್ದೂ ಬರಾಕತ್ತಿತಲ್ಲ ಅಂತ ಖುಷಿನೂ ಆತು. ಆದ್ರ ಅದರ ಕಡೀಕ, ಮೊದಲನೇ ಸಲ ಇಳಿಯೋರು ಹೋದ್ರ ಫಾರ್ಮುಲಾ ಒನ್ ನಡದ ಬುದ್ಧ ಸರ್ಕ್ಯೂಟಿಗೇ ಹೋಗಬೇಕು, ಉಳದದ್ದೆಲ್ಲ ಸಣ್ಣಪುಟ್ಟ ಅನ್ನೋ ಅರ್ಥ ಬರೋಹಂಗ ಒಂದು ಮಾತು ಐತಲ್ರೀ, ಈ ಪತ್ರ ಅದರ ಸಲುವಾಗಿ. ಯಾಕಂದ್ರ ಆ ಪೇಜ್ ಹರಕೊಂಡು ಕಿಸೇದಾಗ ಇಟ್ಕೊಂಡು ಹುಡ್ಗೂರು ಗ್ಯಾರೇಜಿಗೆ ಬರಾಕತ್ಯಾರ, "ಅಣ್ಣಾ, ದಿಲ್ಲಿ ಕಡೆ ಹೊಂಟೀವಿ, ಗಾಡಿ ರೆಡಿ ಮಾಡಿಕೊಡ್ರಿ" ಅಂತ. ಒಬ್ಬನ ಕಡೆ 200 ಸಿಸಿ ಗಾಡಿ, ಇನ್ನೊಬ್ಬ ಈಗಷ್ಟ 390 ತಗೊಂಡಾನ, ಇವತ್ತಿನ ತನಕ ಒಂದು ಸರ್ಕ್ಯೂಟನ್ನ ಯಾರೂ ಕಣ್ಣಿಂದ ಕಂಡಿಲ್ಲ.

ನಾ ಉದ್ಯಮಬಾಗದಾಗ ಗ್ಯಾರೇಜ್ ಇಟ್ಟಾವ, ರೇಸರ್ ಅಲ್ಲ. ಆದ್ರ ಗಿರಾಕಿ ಹುಡ್ಗೂರ ಜೋಡಿ ಕೊಯಮತ್ತೂರಿಗೆ, ಚೆನ್ನೈಗೆ ಹೋಗಿ ಪಿಟ್‌ನಾಗ, ಅಂದ್ರ ಟ್ರ್ಯಾಕ್ ಬಾಜೂಕ ಗಾಡಿ ರಿಪೇರಿ ಮಾಡೋ ಜಾಗಾದಾಗ, ಪಾನಾ ಹಿಡ್ಕೊಂಡು ನಿಂತೀನಿ. ಯಾರು ಕಲೀತಾರ, ಯಾರು ಬೀಳ್ತಾರ ಅನ್ನೋದು ಗಾಡಿ ಮ್ಯಾಲೆ ಕುಂತವರಿಗಿಂತ ಪಿಟ್‌ನಾಗ ನಿಂತವರಿಗೆ ಲಗೂನ ತಿಳೀತೈತ್ರಿ, ಅಷ್ಟರ ಮ್ಯಾಲೆ ಈ ಮಾತು.

ಗೊತ್ತಿಲ್ಲದವರಿಗೆ ಮೊದಲ ಒಂದ್ ಮಾತು. ಟ್ರ್ಯಾಕ್ ಡೇ ಅಂದ್ರ ಶರ್ಯತ್ತು ಅಲ್ಲ. ಕಪ್ ಇಲ್ಲ, ನಂಬರ್ ಇಲ್ಲ, ಯಾರು ಮುಂದ ಯಾರು ಹಿಂದ ಅನ್ನೋ ಲೆಕ್ಕಾ ಇಲ್ಲ. ರೊಕ್ಕಾ ತುಂಬಿ, ನಿಮ್ಮದ ಗಾಡಿ ಇಲ್ಲಾ ಬಾಡಗಿ ಗಾಡಿ ತಗೊಂಡು, ಎದುರಿಗೆ ಟ್ರ್ಯಾಕ್ಟರ್ ಬರದ, ನಾಯಿ ಅಡ್ಡ ಬರದ, ಕಬ್ಬಿನ ಡಬ್ಬಿ ಲೈಟ್ ಇಲ್ಲದ ನಿಂತಿರದ ಒಂದು ರಸ್ತಾದಾಗ ಹದಿನೈದೋ ಇಪ್ಪತ್ತೋ ನಿಮಿಷದ ಪಾಳಿ ಮ್ಯಾಲೆ ಓಡಿಸೋದು. ಅಷ್ಟ. ಹಿಂಗಾಗಿ ಅಲ್ಲಿ ಗೆಲ್ಲೋದಂದ್ರ ಕಲಿಯೋದು, ಬ್ಯಾರೆ ಏನೂ ಅಲ್ಲ. ಈ ಒಂದು ಮಾತು ತಲ್ಯಾಗ ಕುಂತ್ರ ಯಾವ ಸರ್ಕ್ಯೂಟಿಗೆ ಹೋಗಬೇಕು ಅನ್ನೋದು ಅರ್ಧಾ ತೀರ್ಮಾನ ಆದಂಗ.

ಈಗ ಬುದ್ಧ ಸರ್ಕ್ಯೂಟ್ ವಿಷಯ. ಅದರ ದೊಡ್ಡಸ್ತಿಕಿ ಬಗ್ಗೆ ನಂದೇನೂ ತಕರಾರಿಲ್ಲ. ಗ್ರೇಟರ್ ನೋಯ್ಡಾದಾಗ, ಯಮುನಾ ಎಕ್ಸ್‌ಪ್ರೆಸ್‌ವೇ ಬಾಜೂಕ, ಜರ್ಮನಿಯ ಹರ್ಮನ್ ಟಿಲ್ಕೆ ಡಿಸೈನ್ ಮಾಡಿದ್ದು, 2011 ರಿಂದ 2013 ರ ತನಕ ಮೂರು ವರ್ಷ ಫಾರ್ಮುಲಾ ಒನ್ ಅಲ್ಲಿ ನಡೀತು, ಮೂರೂ ಸಲ ಜರ್ಮನಿಯ ರೇಸರ್ ವೆಟ್ಟೆಲ್ಲೇ ಗೆದ್ದ, 2023 ರಾಗ ಬೈಕ್‌ಗಳ ವಿಶ್ವ ಚಾಂಪಿಯನ್‌ಶಿಪ್ ಮೋಟೋಜಿಪಿನೂ ಬಂತು. ಸುಮಾರು 5.1 ಕಿಲೋಮೀಟರ್ ಉದ್ದ, 16 ತಿರುವು, ಹಿಂದಿನ ಸ್ಟ್ರೇಟ್, ಅಂದ್ರ ತಿರುವಿಲ್ಲದ ನೆಟ್ಟನ ರಸ್ತಾ, ಒಂದ ಒಂದು ಕಿಲೋಮೀಟರ್ ಮ್ಯಾಲೆ. ಟ್ರ್ಯಾಕ್ ಬಿಟ್ಟು ಹೊರಗ ಹೋದ್ರ ಗ್ವಾಡಿ ಬರೋದ್ರಾಗ ನಿಲ್ಲಾಕ ಖುಲ್ಲಾ ಜಾಗಾ ಬೇಕಾದಷ್ಟು ಐತಿ, ಅದನ್ನೂ ಒಪ್ಪಬೇಕು. ಆದ್ರ ಇದೆಲ್ಲಾ ಮುನ್ನೂರರ ಮ್ಯಾಲೆ ಹೋಗೋ ಗಾಡಿಗಳ ಸಲುವಾಗಿ ಕಟ್ಟಿದ್ದಲ್ರೀ. 200 ಸಿಸಿ ಗಾಡಿ ತಗೊಂಡು ಆ ಸ್ಟ್ರೇಟಿಗೆ ಬಂದ್ರ ಏನಾಕ್ಕೈತಿ, ಎಕ್ಸಿಲೇಟರ್ ಫುಲ್ ತಿರುವಿ ಟ್ಯಾಂಕ್ ಮ್ಯಾಲೆ ಮಕ್ಕೊಂಡು ಹತ್ತಿರ ಹತ್ತಿರ ಅರ್ಧಾ ನಿಮಿಷ ಸುಮ್ನ ಹೋಗೋದು, ಬಾಜೂಕ 1000 ಸಿಸಿ ಲೀಟರ್ ಬೈಕ್‌ಗಳು ಸುಂಯ್ ಅಂತ ದಾಟಿ ಹೋಗೋದನ್ನ ನೋಡೋದು. ಅದರಾಗ ಕಲಿಯೋದೇನೈತಿ? ಅದಕ್ಕಾದ್ರ ನಮ್ಮ ಹೈವೇನ ಸಾಕಿತ್ತಲ್ಲ ಅನಸ್ತೈತಿ. ಇನ್ನ ಅಪ್ಪ ಕೊಡಿಸಿದ ಸೂಪರ್‌ಬೈಕ್ ಇದ್ದಾವ ಹೋದ್ರ ಇನ್ನೂ ಫಜೀತಿ, ಎರಡನೂರ ಐವತ್ತರ ಆಸುಪಾಸು ಮುಟ್ಟಿ ಬ್ರೇಕ್ ಎಲ್ಲಿ ಹಿಡಿಬೇಕು ಅನ್ನೋದನ್ನ ಜೀವನದಾಗ ಮೊದಲನೇ ಸಲ ಅಲ್ಲೇ ಕಲಿಬೇಕು.

ವೇಗದ ಲೆಕ್ಕಾ ನೋಡಾಕ ಸಾದಾ, ಆದ್ರ ಯಾರೂ ಮನಸ್ಸಿಗೆ ಹಚ್ಕೊಳ್ಳೂದಿಲ್ಲ. ವೇಗ ಎರಡು ಪಟ್ಟು ಆದ್ರ ಗಾಡಿ ನಿಲ್ಲಾಕ ಬೇಕಾಗೋ ಜಾಗಾ ನಾಕು ಪಟ್ಟು ಆಕ್ಕೈತಿ, ಬಿದ್ರ ಬೀಳೋ ಪೆಟ್ಟಿನ ಕಸುವೂ ನಾಕು ಪಟ್ಟು. ಎಂಬತ್ತರಾಗ ತಪ್ಪಿದ್ರ ಸೂಟ್ ಉಜ್ಜಿ ಹೋಗ್ತೈತಿ, ಎದ್ದು ಧೂಳ ಝಾಡಿಸ್ಕೊಂಡು ಪಿಟ್‌ಗೆ ಬರ್ತೀರಿ. ನೂರಾ ಅರವತ್ತರಾಗ ತಪ್ಪಿದ್ರ ಹಂಗಲ್ಲ. ಹೊಸಬ ತಪ್ಪು ಮಾಡೇ ಮಾಡ್ತಾನ, ಅದು ಗ್ಯಾರಂಟಿ. ತಪ್ಪು ಮಾಡಿದ್ರೂ ದುಬಾರಿ ಆಗದಂಥಾ ಜಾಗಾ ಹುಡುಕಬೇಕು.

ಇನ್ನೊಂದು ಲೆಕ್ಕಾ ಐತಿ, ಇದು ನನಗ ಭಾಳ ಮುಖ್ಯ ಅನಸ್ತೈತಿ. ಹೊಸಬ ಬುದ್ಧದಾಗ ಸರಾಸರಿ ಗಂಟೆಕ್ಕ ನೂರರಂಗ ಹೋದ್ರೂ ಒಂದು ಸುತ್ತಿಗೆ ಮೂರು ನಿಮಿಷ. ಇಪ್ಪತ್ತು ನಿಮಿಷದ ಪಾಳ್ಯಾಗ ಆರು ಸುತ್ತು, ಅದರಾಗ ಟಾಯರ್ ಕಾಸೋ ಮೊದಲನೇದು, ಹೊಳ್ಳಿ ಬರೋ ಕಡೀದು ಬಿಟ್ರ ಖರೇ ಓಡಿಸೋದು ನಾಕು. ಅದ ಕೊಯಮತ್ತೂರಿನ ಕರಿ ಸ್ಪೀಡ್‌ವೇ ತಗೋರಿ, ಎರಡು ಕಿಲೋಮೀಟರಿಗೆ ಒಂಚೂರು ಮ್ಯಾಲೆ, ಹೊಸಬ ಎಂಬತ್ತರ ಸರಾಸರಿಯೊಳಗ ಹೋದ್ರ ಒಂದೂವರೆ ನಿಮಿಷ ದಾಟಿ ಒಂದಷ್ಟು ಸೆಕೆಂಡಿಗೆ ಸುತ್ತು ಮುಗೀತೈತಿ. ಅದೇ ಇಪ್ಪತ್ತು ನಿಮಿಷದಾಗ ಹನ್ನೆರಡು ಸುತ್ತು. ಅಂದ್ರ ಒಂದ ತಿರುವನ್ನ ಹನ್ನೆರಡು ಸಲ ನೋಡ್ತೀರಿ, ಹೋದ ಸುತ್ತಿನ್ಯಾಗ ಲಗೂನ ಒಳಗ ಹೊಕ್ಕೆ, ಈ ಸಲ ಇನ್ನೊಂಚೂರು ತಡದು ಹೋಗೋಣ ಅನ್ನೋದು ಮರೆಯೋದ್ರಾಗ ಆ ತಿರುವು ಮತ್ತ ಎದುರಿಗೆ ಬಂದಿರ್ತೈತಿ. ಬುದ್ಧದಾಗ ಹದಿನಾರು ತಿರುವು ದಾಟಿ ಹೊಳ್ಳಿ ಅಲ್ಲಿಗೆ ಬರೋದ್ರಾಗ ಹೋದ ಸಲ ಏನು ಮಾಡಿದ್ದೆ ಅನ್ನೋದ ನೆನಪಿರೂದಿಲ್ಲ. ಅದರ ಮ್ಯಾಲೆ ಟ್ರ್ಯಾಕ್ ಅಗಲ ಅಂದ್ರ ಅಗಲ, ಹೊಸಬಗ ಲೈನ್, ಅಂದ್ರ ತಿರುವಿನ್ಯಾಗ ಗಾಡಿ ಹೋಗಬೇಕಾದ ದಾರಿ, ಎಲ್ಲೈತಿ ಅನ್ನೋದ ಕಾಣೂದಿಲ್ಲ, ಎಲ್ಲಾ ಒಂದ ಕರೀ ಮೈದಾನ ಕಂಡಂಗ ಕಾಣ್ತೈತಿ.

ನಮ್ಮ ಕಡೆ ಗರಡಿ ಮನಿಗೆ ಮೊದಲನೇ ದಿನ ಬಂದ ಪೋರನ್ನ ಯಾವ ವಸ್ತಾದನೂ ನಿಕಾಲಿ ಕುಸ್ತಿಗೆ ಇಳಸೂದಿಲ್ಲ, ಮೊದಲ ಮಣ್ಣು ಹದಾ ಮಾಡಾಕ ಹಚ್ತಾನ. ಹಂಗ ಇದು.

ಹಂಗಾದ್ರ ಎಲ್ಲಿಗೆ ಹೋಗಬೇಕು ಅಂದ್ರ, ಬೆಳಗಾವಿಯವರಿಗೆ ನನ್ನ ಉತ್ತರ ಮೊದಲ ಕೋಲ್ಹಾಪುರ. ನಗಬ್ಯಾಡ್ರಿ. ನೂರಾ ಹತ್ತು ಕಿಲೋಮೀಟರ್ ಆಸುಪಾಸು, ಮುಂಜಾನೆ ನಾಷ್ಟಾ ಮಾಡಿ ಹೊಂಟ್ರ ಸಂಜಿಕ ಮನ್ಯಾಗ. ಅಲ್ಲಿ ಮೋಹಿತೆ ರೇಸಿಂಗ್ ಅಕಾಡೆಮಿಯ ಗೋ-ಕಾರ್ಟ್ ಟ್ರ್ಯಾಕ್ ಐತಿ, ಮಾಲ್‌ದಾಗ ಹುಡ್ಗೂರ ಆಟಕ್ಕ ಇಟ್ಟಂಥಾದ್ದಲ್ಲ, ರಾಷ್ಟ್ರೀಯ ಕಾರ್ಟಿಂಗ್ ಚಾಂಪಿಯನ್‌ಶಿಪ್ ಪಂದ್ಯ ನಡದ ಜಾಗಾ. ಕೋಲ್ಹಾಪುರ ಕುಸ್ತಿಗೆ ಹೆಸರಾದದ್ದು ಎಲ್ಲಾರಿಗೂ ಗೊತ್ತು, ರಾಷ್ಟ್ರಮಟ್ಟದ ಕಾರ್ ರೇಸರ್‌ಗಳೂ ಅಲ್ಲಿಂದ ಬಂದಾರ ಅನ್ನೋದು ನಮ್ಮ ಕಡೆ ಭಾಳ ಮಂದಿಗೆ ಗೊತ್ತಿಲ್ಲ. ಬೆಂಗಳೂರಾಗ ಮನಿ ಇದ್ದವರಿಗೆ ಹೆಣ್ಣೂರು-ಬಾಗಲೂರು ರಸ್ತಾದ ಮೆಕೋ ಕಾರ್ಟೋಪಿಯಾನೂ ಆಕ್ಕೈತಿ. ಬೈಕಿನವರು ಕಾರ್ಟ್ ಯಾಕ ಓಡಿಸಬೇಕು ಅಂತ ಮಾರಿ ಸಣ್ಣ ಮಾಡ್ತಾರ, ನಾ ಅಂತೀನಿ ಮೊದಲ ಕಾರ್ಟ್‌ದಾಗ ಕುಂಡ್ರ್ರಿ. ಗೇರ್ ಇಲ್ಲ, ಸಸ್ಪೆನ್ಶನ್ ಇಲ್ಲ, ನೆಲಕ್ಕ ಅಂಟಿ ಕುಂತಿರ್ತೀರಿ, ತಲ್ಯಾಗ ಉಳಿಯೋದು ಮೂರ ಕೆಲಸ. ಬ್ರೇಕ್ ಗಾಡಿ ನೆಟ್ಟಗ ಇದ್ದಾಗ ಹಿಡಿಯೋದು, ತಿರುವಿನ ಒಳಗಿನ ಅಂಚಿಗೆ ಎಲ್ಲಿ ಮುಟ್ಟಬೇಕು ಅನ್ನೋದು, ಕಣ್ಣು ಮುಂದಿನ ತಿರುವಿನ ಮ್ಯಾಲೆ ಇಡೋದು. ಈ ಮೂರೂ ಬೈಕಿಗೂ ಬೇಕು ಕಾರಿಗೂ ಬೇಕು. ಖರ್ಚು ನೋಡಿದ್ರ ಒಂದು ಛಲೋ ಟಾಯರ್ ಬೆಲಿಯೊಳಗ ಹೊಟ್ಟಿ ತುಂಬ ಓಡಿಸಬಹುದು.

ಪುಣೆ ಕಡೆ ತಳೇಗಾಂವ ಹತ್ರ ನಾನೋಲಿ ಸ್ಪೀಡ್‌ವೇ ಅಂತ ಹೊಸದೊಂದು ಟ್ರ್ಯಾಕೂ ಬಂದೈತಿ, ಬೆಳಗಾವಿ, ಚಿಕ್ಕೋಡಿ, ನಿಪ್ಪಾಣಿ ಕಡೆಯವರಿಗೆ ದೂರದ ಲೆಕ್ಕದಾಗ ಅದ ಸಮೀಪ. ಅದನ್ನ ನಾ ಇನ್ನೂ ನೋಡಿಲ್ಲ, ಹಿಂಗಾಗಿ ಹೊಗಳೂದಿಲ್ಲ, ತೆಗಳೂದೂ ಇಲ್ಲ, ಹೋಗೋರು ಕೆಳಗ ಹೇಳಿರೋ ಪ್ರಶ್ನೆ ಕೇಳಿ ಹೋಗ್ರಿ.

ದೊಡ್ಡ ಗಾಡಿಗೆ, ಅಂದ್ರ ನಿಮ್ಮದ ಬೈಕ್ ಇಲ್ಲಾ ಕಾರಿನ ಮೊದಲ ಟ್ರ್ಯಾಕ್ ಡೇಗೆ ನನ್ನ ಓಟು ಕರಿ ಸ್ಪೀಡ್‌ವೇಗೆ. ಹೆಸರು ಕೇಳಿ ಭಾಳ ಮಂದಿ ಕಪ್ಪು ಅಂತ ತಿಳ್ಕೊತಾರ, ಅದು ಎಸ್. ಕರಿವರ್ಧನ್ ಅನ್ನೋವರ ಹೆಸರು, ಕೊಯಮತ್ತೂರಿನ ದೊಡ್ಡ ಮಿಲ್ ಮನೆತನದಾವ್ರು, ರೇಸ್ ಕಾರ್ ಓಡಿಸಿದ್ದಷ್ಟ ಅಲ್ಲ, ಇಲ್ಲೇ ರೇಸ್ ಕಾರ್ ಕಟ್ಟಿ ಕಡಿಮಿ ರೊಕ್ಕದಾಗ ಹುಡ್ಗೂರ ಕೈಗೆ ಸಿಗೋಹಂಗ ಮಾಡಿದಾವ್ರು. 1995 ರಾಗ ಸಣ್ಣ ವಿಮಾನ ಅಪಘಾತದಾಗ ಹೋದ್ರು, ಟ್ರ್ಯಾಕ್ 2003 ರಾಗ ಚೆಟ್ಟಿಪಾಳಯಂದಾಗ ಅವರ ಹೆಸರಿಲೇ ಶುರು ಆತು. ನಮ್ಮ ಬೆಳಗಾವಿ, ಬಾಗಲಕೋಟಿ ಇಂಜಿನಿಯರಿಂಗ್ ಕಾಲೇಜಿನ ಹುಡ್ಗೂರಿಗೆ ಫಾರ್ಮುಲಾ ಭಾರತ್ ಅಂದ್ರ ಗೊತ್ತಿರ್ತೈತಿ, ವಿದ್ಯಾರ್ಥಿಗಳು ತಾವ ಕಟ್ಟಿದ ಕಾರ್ ತಗೊಂಡು ಹೋಗೋ ಸ್ಪರ್ಧೆ, ಅದು ನಡಿಯೋದು ಇದ ಟ್ರ್ಯಾಕಿನ್ಯಾಗ. ರಾಯಲ್ ಎನ್‌ಫೀಲ್ಡ್‌ನವರ ಕಾಂಟಿನೆಂಟಲ್ ಜಿಟಿ ಕಪ್‌ನೂ ಅಲ್ಲೇ ನಡದೈತಿ, ಅಂದ್ರ 650 ಸಿಸಿ ತನಕದ ಗಾಡಿಗೂ ಅದು ಸಣ್ಣದೇನಲ್ಲ. ಸ್ಟ್ರೇಟ್ ಗಿಡ್ಡ, ತಿರುವು ಒಂದರ ಹಿಂದ ಒಂದು, ದಮ್ಮು ತಗೊಳ್ಳಾಕ ಟೈಮ್ ಇರೂದಿಲ್ಲ, ಅದ ಅದರ ಗುಣ. ಗಾಡಿ ಕಸುವಿಗಿಂತ ಓಡಿಸೋನ ಕೈ ಎಷ್ಟು ನಯ ಅನ್ನೋದು ಅಲ್ಲಿ ಗೊತ್ತಾಕ್ಕೈತಿ. 200 ಸಿಸಿ ಹುಡುಗ ಸೂಪರ್‌ಬೈಕ್ ಸಾಹುಕಾರನ್ನ ತಿರುವಿನ್ಯಾಗ ಹಿಡಿಯೋದನ್ನ ನೋಡೋ ಮಜಾ ಬ್ಯಾರೆನ.

ಕರಿ ಅಂದ್ರ ಹೂವಿನ ಹಾಸಿಗಿ ಅಂತ ಅಲ್ಲ ಮತ್ತ. ಅಲ್ಲೂ ಬೀಳ್ತಾರ, ಕಾಲರ್ ಬೋನ್ ಮುರಕೊಂತಾರ. ಸಣ್ಣ ಟ್ರ್ಯಾಕಿನ್ಯಾಗ ಭಾಳ ಗಾಡಿ ಬಿಟ್ರ ಸಂತಿ ಆಗಿಬಿಡ್ತೈತಿ, ಅದನ್ನ ಮೊದಲ ಕೇಳ್ಕೊಬೇಕು. ಕೊಯಮತ್ತೂರಿನ್ಯಾಗ ಈಗ ಕೋಆಸ್ಟ್ ಅಂತ 3.8 ಕಿಲೋಮೀಟರಿನ ಇನ್ನೊಂದು ಸರ್ಕ್ಯೂಟೂ ಐತಿ, ಅದು ದೊಡ್ಡ ಲೆವೆಲ್ಲು, ಅದನ್ನ ಎರಡನೇ ವರ್ಷಕ್ಕ ಇಟ್ಕೊರಿ.

ಚೆನ್ನೈ ವಿಷಯ ಬರದಿದ್ರ ಈ ಪತ್ರ ಅರ್ಧಂಬರ್ಧ ಆಕ್ಕೈತಿ. ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್, ಹಳೇ ಮಂದಿ ಇನ್ನೂ ಎಂಎಂಆರ್‌ಟಿ, ಅಂದ್ರ ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್, ಅಂತಾರ, ಶ್ರೀಪೆರಂಬದೂರ್ ಹತ್ರ ಇರುಂಗಟ್ಟುಕೊಟ್ಟೈದಾಗ ಐತಿ. ಮಜಾ ಏನಂದ್ರ ನಮ್ಮ ಹಿರೇಬಾಗೇವಾಡಿ, ಕಿತ್ತೂರು ಮುಂದ ಹಾಯ್ದು ಹೋಗೋ 48 ನಂಬರ್ ಹೈವೇ ಐತಲ್ರೀ, ಅದ ಹೈವೇ ಬೆಂಗಳೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಆ ಸರ್ಕ್ಯೂಟಿನ ಬಾಜೂಕ ಹೋಗ್ತೈತಿ. ದಾರಿ ಕೇಳೋ ಜರೂರ ಇಲ್ಲ. ಮದ್ರಾಸಿನವರು ಮೊದಲ ಶೋಳವರಂದಾಗ ಎರಡನೇ ಮಹಾಯುದ್ಧದ ಕಾಲದ ಹಳೇ ಏರ್‌ಸ್ಟ್ರಿಪ್ ಮ್ಯಾಲೆ ರೇಸ್ ಮಾಡ್ತಿದ್ರು, ಆಮ್ಯಾಲೆ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನವ್ರು ಸ್ವಂತ ಜಾಗಾ ತಗೊಂಡು 1990 ರಾಗ ಇದನ್ನ ಶುರು ಮಾಡಿದ್ರು. ಒಂದು ಕ್ಲಬ್ಬು, ಸರ್ಕಾರ ಅಲ್ಲ, ನೆನಪಿರ್ಲಿ. 3.7 ಕಿಲೋಮೀಟರ್, 12 ತಿರುವು. ದೇಶದ ಒಳ್ಳೊಳ್ಳೆ ಬೈಕ್ ರೇಸರ್‌ಗಳು ಬೆಳದದ್ದು ಅಲ್ಲೇ.

ಹೊಸಬರಿಗೆ ಅಲ್ಲಿ ತೊಡಕು ಅಂದ್ರ ಸಿ-ಒನ್, ಅಂದ್ರ ಮೇನ್ ಸ್ಟ್ರೇಟ್ ಮುಗಿದ ಮ್ಯಾಲೆ ಬರೋ ಮೊದಲನೇ ತಿರುವು. ಸ್ಟ್ರೇಟಿನ ಪೂರಾ ವೇಗ ಹೊತ್ಕೊಂಡು ಅದರೊಳಗ ಹೋಗಬೇಕು, ಕೈ ಪಳಗಿದವರು ಎಕ್ಸಿಲೇಟರ್ ಭಾಳ ಬಿಡೂದ ಇಲ್ಲ, ಹೊಸಬ ಅವರನ್ನ ನೋಡಿ ತಾನೂ ಬಿಡದ ಹೋಗ್ತಾನ, ನಡುವ ಹೆದರಿ ಎಕ್ಸಿಲೇಟರ್ ಫಕ್ಕನ ಬಿಟ್ಟುಬಿಡ್ತಾನ, ಗಾಡಿ ಭಾರ ಮುಂದ ಬಂದು ಲೈನ್ ತಪ್ತೈತಿ. ಭಯ ಹುಟ್ಟಿಸಾಕ ಹೇಳ್ತಿಲ್ಲ, ಆದ್ರ 2023 ರ ಒಂದ ವರ್ಷದಾಗ ಆ ಸರ್ಕ್ಯೂಟಿನ್ಯಾಗ ರೇಸ್ ನಡಿಯೋವಾಗ ಎರಡು ಜೀವ ಹೋದ್ವು, ಒಬ್ಬರು ವರ್ಷಾನುಗಟ್ಟಲೆ ಅನುಭವ ಇದ್ದ ಹಿರಿಯ ಕಾರ್ ರೇಸರ್, ಇನ್ನೊಬ್ಬ ಬೆಂಗಳೂರಿನ ಹದಿಮೂರು ವರ್ಷದ ಹುಡುಗ. ಅವು ಟ್ರ್ಯಾಕ್ ಡೇ ಅಲ್ಲ ರೇಸ್ ಅನ್ನೋದು ಖರೆ, ಆದ್ರ ಡಾಂಬರಿಗೆ ಆ ವ್ಯತ್ಯಾಸ ಗೊತ್ತಿರೂದಿಲ್ಲ.

ಇದರಾಗ ಒಂದು ವಿನಾಯ್ತಿ ಐತಿ. ಚೆನ್ನೈದಾಗ ಕಲಿಸೋ ಸ್ಕೂಲ್‌ಗಳು ನಡೀತಾವು, ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಅಂಥಾದ್ದು, ಮೊದಲ ಲೆವೆಲ್‌ದಾಗ ಒಂದೊಂದು ಪಾಠ ಹೇಳಿ, ಓಡಿಸಾಕ ಕಳಿಸಿ, ಹೊಳ್ಳಿ ಬಂದ ಮ್ಯಾಲೆ ನೀ ಹಿಂಗ ಮಾಡಿದಿ ಅಂತ ಕೂಡಿಸ್ಕೊಂಡು ಹೇಳ್ತಾರ. ಅಂಥಾ ಸ್ಕೂಲಿಗೆ ಹೋಗೋದಾದ್ರ ಮೊದಲನೇ ಸಲಕ್ಕ ಚೆನ್ನೈನೂ ನಡೀತೈತಿ, ಯಾಕಂದ್ರ ಟ್ರ್ಯಾಕಿಗಿಂತ ಕಲಿಸೋರು ದೊಡ್ಡೋರು. ಕಲಿಸೋರು ಇಲ್ಲದ ಬರೇ "ಓಪನ್ ಪಿಟ್, ಬಂದು ಓಡಿಸ್ರಿ" ಅನ್ನೋ ದಿನಕ್ಕ ಹೊಸಬರು ಎಲ್ಲಿಗೂ ಹೋಗಬ್ಯಾಡ್ರಿ, ಕರಿಗೂ ಬ್ಯಾಡ.

ಹೋಗೋಕಿಂತ ಮೊದಲ ಆರ್ಗನೈಸರ್‌ಗೆ ಫೋನ್ ಹಚ್ಚಿ ಕೇಳಬೇಕಾದ್ದು ಏನಂದ್ರ, ಆಂಬುಲೆನ್ಸ್ ಟ್ರ್ಯಾಕ್ ಒಳಗ ಇರ್ತೈತೋ, ಇಲ್ಲಾ ಕರದ್ರ ಬರ್ತೈತೋ. ಡಾಕ್ಟರ್ ಇರ್ತಾರೋ. ಆಂಬುಲೆನ್ಸ್ ಒಬ್ಬರನ್ನ ಕರಕೊಂಡು ದವಾಖಾನಿಗೆ ಹೋದ್ರ ಅದು ಹೊಳ್ಳಿ ಬರೋತನಕ ಸೆಷನ್ ನಿಲ್ಲಿಸ್ತೀರೋ ಇಲ್ಲೋ. ಈ ಕಡೀ ಪ್ರಶ್ನೆಗೆ ತಡವರಿಸಿದ್ರ ಫೋನ್ ಇಟ್ಟುಬಿಡ್ರಿ. ಹೊಸಬರ ಗುಂಪು ಬ್ಯಾರೆ ಇರ್ತೈತೋ, ಅದರಾಗ 150 ಸಿಸಿ ಮತ್ತ 1000 ಸಿಸಿ ಕೂಡಿಸಿ ಬಿಡ್ತೀರೋ, ತಿರುವಿನ್ಯಾಗ ಓವರ್‌ಟೇಕ್ ಮಾಡಾಕ ಬಿಡ್ತೀರೋ, ಇದನ್ನೂ ಕೇಳ್ರಿ. ಒಂದು ಕಡೆ, ಹೆಸರು ಬ್ಯಾಡ, ನಮ್ಮ ಹುಡ್ಗೂರನ್ನ ರೇಸ್ ಟೀಮಿನವರ ಪ್ರಾಕ್ಟೀಸ್ ಜೋಡಿ ಒಂದ ಸೆಷನ್‌ಗೆ ಬಿಟ್ಟಿದ್ರು, ಪಾಪ ಅವು ಇಡೀ ದಿನ ಕನ್ನಡಿ ಇಲ್ಲದ ಗಾಡಿ ಮ್ಯಾಲೆ ಹಿಂದ ಯಾರು ಬಂದ್ರು ಅಂತ ಹೆದರ್ಕೊಂಡು ಅಂಚಿಗೆ ಸರ್ಕೊಂಡ ಓಡಿಸಿದ್ವು. ರೊಕ್ಕಾ ಮಾತ್ರ ಎಲ್ಲಾರಿಗೂ ಒಂದ ರೇಟು.

ಬ್ರೀಫಿಂಗ್ ಅಂತ ಮುಂಜಾನೆ ಹೊತ್ತು ಒಂದು ಮೀಟಿಂಗ್ ಇರ್ತೈತಿ, ಚಾ ಕುಡಿಯಾಕ ಹೋಗಿ ಅದನ್ನ ತಪ್ಪಿಸಬ್ಯಾಡ್ರಿ. ಬಾವುಟದ ಭಾಷಾ ಅಲ್ಲೇ ಹೇಳ್ತಾರ. ಹಳದಿ ಬೀಸಿದ್ರ ಮುಂದ ಅಪಾಯ ಐತಿ, ನಿಧಾನ ಆಗು, ಯಾರನ್ನೂ ದಾಟಬ್ಯಾಡ. ಕೆಂಪು ಕಂಡ್ರ ಸೆಷನ್ ನಿಂತದ, ಕೈ ಎತ್ತಿ ಹಿಂದಿನವರಿಗೆ ತೋರಿಸಿ ಸಾವಕಾಶ ಪಿಟ್‌ಗೆ ಬಾ, ಫಕ್ಕನ ಬ್ರೇಕ್ ಹೊಡದ್ರ ಹಿಂದಿನಾವ ಮೈಮ್ಯಾಲೆ ಬರ್ತಾನ. ನೀಲಿ ಅಂದ್ರ ನಿನಗಿಂತ ಜೋರಿನಾವ ಹಿಂದ ಬಂದಾನ. ಹಳದಿ ಮ್ಯಾಲೆ ಕೆಂಪು ಪಟ್ಟಿ ಅಂದ್ರ ಅಲ್ಲಿ ಎಣ್ಣಿನೋ ನೀರೋ ಬಿದ್ದು ಜಾರಾಕತ್ತೈತಿ. ಕರೀ ಬಾವುಟ ನಿನಗ ತೋರಿಸಿದ್ರ ಒಳಗ ಬಾ, ಗಾಡ್ಯಾಗೋ ನಿನ್ನಾಗೋ ಏನೋ ತಪ್ಪೈತಿ.

ಗಾಡಿ ಬಗ್ಗೆ ನನ್ನ ಕಸಬಿನ ಮಾತು ನಾಕು ಹೇಳದ ಇರಾಕ ಆಗೂದಿಲ್ಲ. ಹುಡ್ಗೂರು ಬಂದವರ ಫ್ರೀ ಫ್ಲೋ ಸೈಲೆನ್ಸರ್ ಹಾಕ್ರಿ, ಏರ್ ಫಿಲ್ಟರ್ ಬದಲಾಸ್ರಿ ಅಂತಾರ, ಅದ್ಯಾವದೂ ಬ್ಯಾಡ. ಮೊದಲ ಬ್ರೇಕ್. ಹಳೇ ಬ್ರೇಕ್ ಆಯಿಲ್ ಹವಾದಾಗಿನ ನೀರು ಹೀರಿಕೊಂಡಿರ್ತೈತಿ, ಟ್ರ್ಯಾಕಿನ್ಯಾಗ ಮ್ಯಾಲಿಂದ ಮ್ಯಾಲೆ ಬ್ರೇಕ್ ಹಿಡದು ಕಾದಾಗ ಅದು ಕುದ್ದು ಗುಳ್ಳಿ ಆಕ್ಕಾವು, ಲಿವರ್ ಹ್ಯಾಂಡಲ್ ತನಕ ಬಂದುಬಿಡ್ತೈತಿ, ಗಾಡಿ ನಿಲ್ಲೂದಿಲ್ಲ. ಹೊಸಾ ಆಯಿಲ್ ಹಾಕಿ ಹವಾ ತಗಸಿ, ಪ್ಯಾಡ್ ಅರ್ಧಾ ಮ್ಯಾಲೆ ಇರೋಹಂಗ ನೋಡ್ಕೊರಿ. ಟಾಯರ್ ಹವಾ ಓಡಿದಂಗ ಕಾದು ಏರ್ತೈತಿ, ಹಿಂಗಾಗಿ ಅಲ್ಲಿ ರಸ್ತಾಕ್ಕಿಂತ ಒಂಚೂರು ಕಡಿಮಿ ಇಡ್ತಾರ, ಎಷ್ಟು ಅನ್ನೋದು ಟಾಯರ್ ಮ್ಯಾಲೆ ಹೋಗ್ತೈತಿ, ಅಲ್ಲಿ ಇರೋ ಟಾಯರ್ ಹುಡುಗನ್ನ ಕೇಳ್ರಿ, ವಾಟ್ಸಾಪ್ ಗ್ರೂಪ್ ಕೇಳಬ್ಯಾಡ್ರಿ. ಕೂಲಂಟ್ ತಗದು ಬರೇ ನೀರು ಹಾಕಾಕ ಭಾಳ ಕಡೆ ಹೇಳ್ತಾರ, ಕೂಲಂಟ್ ಟ್ರ್ಯಾಕ್ ಮ್ಯಾಲೆ ಚೆಲ್ಲಿದ್ರ ಎಣ್ಣಿ ಚೆಲ್ಲಿದಂಗ ಜಾರ್ತೈತಿ ಅನ್ನೋ ಸಲುವಾಗಿ, ಹೊಳ್ಳಿ ಬಂದ ಮ್ಯಾಲೆ ನೆನಪಲೆ ಕೂಲಂಟ್ ತುಂಬಿಸ್ರಿ. ಕನ್ನಡಿ ಬಿಚ್ಚೋದು, ಲೈಟಿಗೆ ಟೇಪ್ ಸುತ್ತೋದು, ಚೈನ್ ನೋಡೋದು ಇವೆಲ್ಲಾ ಓಡಿಸೋಕಿಂತ ಮೊದಲ ಗಾಡಿ ತಪಾಸ ಮಾಡೋ ಸ್ಕ್ರೂಟಿನಿಯೊಳಗ ಅವರ ಹೇಳ್ತಾರ. ಕಾರಿನವರು ಸೀಟ್ ಕೆಳಗಿನ ನೀರಿನ ಬಾಟಲಿ ತಗೀರಿ, ಅದು ಉರುಳಿ ಬ್ರೇಕ್ ಪೆಡಲ್ ಕೆಳಗ ಹೊಕ್ಕರ ಕಥಿ ಮುಗೀತು.

ಮೈಮ್ಯಾಲಿನ ಸಾಮಾನಿಗೆ ಕಂಜೂಸಿ ಬ್ಯಾಡ. ಫುಲ್ ಫೇಸ್ ಹೆಲ್ಮೆಟ್, ಲೆದರ್ ಸೂಟ್ ಇಲ್ಲಾ ನಡುವ ಪೂರಾ ಸುತ್ತ ಜಿಪ್ ಕೂಡೋ ಜಾಕೆಟ್ ಪ್ಯಾಂಟ್, ಮಣಿಕಟ್ಟು ಮುಚ್ಚೋ ಗ್ಲೌಸ್, ಹರಡಿ ಮುಚ್ಚೋ ಬೂಟು. ಸೂಟ್ ಕೆಲವು ಕಡೆ ಬಾಡಗಿಗೂ ಸಿಗ್ತೈತಿ. ಸೂಟಿಗೆ ರೊಕ್ಕಾ ಇಲ್ಲ, ಸೈಲೆನ್ಸರ್‌ಗೆ ಐತಿ ಅನ್ನೋ ಹುಡುಗ ಇನ್ನೂ ತಯಾರಾಗಿಲ್ಲ ಅಂತ ನಾ ಸೀದಾ ಹೇಳಿ ಕಳಸ್ತೀನಿ.

ಇಲ್ಲಿಂದ ಕೊಯಮತ್ತೂರು, ಚೆನ್ನೈ ಎರಡೂ ಎಂಟನೂರ ಐವತ್ತು ಕಿಲೋಮೀಟರ್ ಆಸುಪಾಸು. ವಿಜಯಪುರ, ಬಾಗಲಕೋಟಿಯವರದೂ ಹೆಚ್ಚುಕಡಿಮಿ ಅಷ್ಟ. ಅಲ್ಲಿ ತನಕ ಬೈಕ್ ಓಡಿಸ್ಕೊಂಡು ಹೋಗಿ, ಮರುದಿನ ಟ್ರ್ಯಾಕ್ ಹೊಡದು, ಅದ ಸಂಜಿಕ ಹೊಳ್ಳಿ ಊರಿಗೆ ಹೊಂಡೋದು ಅನ್ನೋ ಪ್ಲಾನ್ ಮಾಡೋರ ಅದಾರ, ಅವರಿಗೆ ಕೈ ಮುಗದು ಹೇಳ್ತೀನಿ, ಟ್ರ್ಯಾಕಿನ್ಯಾಗ ದಣದು ಕೈ ಬಿಗಿ ಹಿಡದಿರ್ತಾವು, ಅಪಾಯ ಇರೋದು ಹೊಳ್ಳಿ ಬರೋ ಹೈವೇದಾಗ. ಮೂರ್ನಾಕು ಮಂದಿ ಕೂಡಿ ಒಂದು ಪಿಕಪ್ ಮಾಡ್ರಿ, ಗಾಡಿ ಕಟ್ಟಿ ಹಾಕ್ರಿ, ಬಿದ್ದು ಹ್ಯಾಂಡಲ್ ಮುರದ್ರೂ ಹೊಳ್ಳಿ ತರಾಕ ದಾರಿ ಇರ್ತೈತಿ. ಇಲ್ಲಾಂದ್ರ ರಾಣಿ ಚೆನ್ನಮ್ಮ ರೈಲಿಗೆ ಬೆಂಗಳೂರ ತನಕ ನೀವಷ್ಟ ಹೋಗಿ, ಗಾಡಿ ಕೊಡೋ ಸ್ಕೂಲ್ ಹಿಡೀರಿ. ರೈಲ್ವೆ ಪಾರ್ಸಲ್‌ದಾಗ ಗಾಡಿ ಹಾಕೋದಾದ್ರ ಟಾಕಿ ಪೆಟ್ರೋಲ್ ಪೂರಾ ಖಾಲಿ ಮಾಡಿಸ್ತಾರ, ಅದು ಗೊತ್ತಿರ್ಲಿ. ದಿಲ್ಲಿ ಕಡೆ ಅಂದ್ರ ಒಂದೂವರೆ ಸಾವಿರ ಕಿಲೋಮೀಟರ್ ಮ್ಯಾಲೆ, ಆ ಸಾಗಾಟದ ರೊಕ್ಕದಾಗ ಕರಿಗೆ ಇನ್ನೊಮ್ಮೆ ಹೋಗಿ ಬರಬಹುದಲ್ರೀ. ಟೈಮ್ ಅಂದ್ರ ಜನವರಿಯಿಂದ ಮಾರ್ಚ್. ಅಕ್ಟೋಬರ್‌ದಿಂದ ಡಿಸೆಂಬರ್ ತನಕ ತಮಿಳುನಾಡಿಗೆ ಅವರ ಹಿಂಗಾರಿ ಮಳಿ, ಏಪ್ರಿಲ್ ಆದ ಮ್ಯಾಲೆ ಚೆನ್ನೈ ಬಿಸಿಲಾಗ ಲೆದರ್ ಸೂಟ್ ಹಾಕ್ಕೊಂಡ್ರ ಮನಶ್ಯಾ ಬೆಂದ ಹೋಗ್ತಾನ.

ಇನ್ಶೂರೆನ್ಸ್ ಬಗ್ಗೆ ನಿಮ್ಮ ಲೇಖನದಾಗ ಒಂದು ಅಕ್ಷರ ಇದ್ದಿಲ್ಲ. ನಿಮ್ಮ ಗಾಡಿ ಪಾಲಿಸಿ ಕಾಗದ ತಗದು ನೋಡ್ರಿ, ಆರ್ಗನೈಜ್ಡ್ ರೇಸಿಂಗ್, ಸ್ಪೀಡ್ ಟೆಸ್ಟಿಂಗ್‌ಗೆ ಅನ್ವಯ ಇಲ್ಲ ಅಂತ ಸಣ್ಣ ಅಕ್ಷರದಾಗ ಬರದಿರ್ತೈತಿ. ಟ್ರ್ಯಾಕಿನ್ಯಾಗ ಗಾಡಿ ಬಿದ್ರ ಖರ್ಚು ನಿಮ್ಮ ಕಿಸೇದಿಂದ, ಬಂಪರ್ ಟು ಬಂಪರ್ ಅನ್ನೋ ದೊಡ್ಡ ಪಾಲಿಸಿ ಇದ್ರೂ ಅಷ್ಟ. ಆರೋಗ್ಯದ ಪಾಲಿಸಿನೂ ಒಮ್ಮೆ ಓದ್ರಿ. ಮನಿಯವರಿಗೆ ಹೇಳದ ಹೋಗೋ ಹುಡ್ಗೂರಿಗೆ ಇದನ್ನ ಎರಡು ಸಲ ಹೇಳ್ತೀನಿ.

ಇಷ್ಟೆಲ್ಲಾ ಯಾಕ ಬರೀಬೇಕಾತು ಅಂದ್ರ, ಸರ್ಕ್ಯೂಟಿಗೆ ಹೋಗದವರು ಮನ್ಯಾಗ ಕುಂಡ್ರೂದಿಲ್ಲ, ಬೈಪಾಸಿಗೆ ಹೋಗ್ತಾರ, ಚೋರ್ಲಾ ಘಾಟಿಗೆ, ಅಂಬೋಲಿಗೆ ಹೋಗ್ತಾರ. ಮೋಟಾರು ವಾಹನ ಕಾಯ್ದೆಯ ಕಲಂ 189 ರ ಪ್ರಕಾರ ರಸ್ತಾದಾಗ ರೇಸ್ ಮಾಡಿದ್ರ ಮೊದಲ ಸಲಕ್ಕ ಮೂರು ತಿಂಗಳ ತನಕ ಜೇಲು ಇಲ್ಲಾ 5,000 ರೂಪಾಯಿ ತನಕ ದಂಡ ಇಲ್ಲಾ ಎರಡೂ, ಮತ್ತ ಸಿಕ್ಕರ ಒಂದು ವರ್ಷದ ತನಕ ಜೇಲು ಇಲ್ಲಾ 10,000 ದಂಡ ಇಲ್ಲಾ ಎರಡೂ. ಹುಡುಗ ಹದಿನೆಂಟಾಗದಾವ ಇದ್ದು ಗಾಡಿ ಓಡಿಸಿ ಗುನ್ನೆ ಮಾಡಿದ್ರ 2019 ರ ತಿದ್ದುಪಡಿ ಆದ ಮ್ಯಾಲೆ ಅಪ್ಪಗ ಇಲ್ಲಾ ಗಾಡಿ ಮಾಲಕಗ 25,000 ದಂಡ, ಮೂರು ವರ್ಷದ ತನಕ ಜೇಲಿನ ಶಿಕ್ಷೆ. ಪೊಲೀಸರು ಹಿಡೀತಾರ, ಸೈಲೆನ್ಸರ್ ಮ್ಯಾಲೆ ರೋಲರ್ ಹಾಯಿಸ್ತಾರ, ನೀವು ಫೋಟೋ ಹಾಕ್ತೀರಿ, ಮುಂದಿನ ವಾರ ಮತ್ತ ಅದ. ಸೈಕ್ಲಿಂಗ್‌ದಾಗ ವಿಜಯಪುರ, ಬಾಗಲಕೋಟಿ ಹುಡ್ಗೂರು ದೇಶಕ್ಕ ಹೆಸರು ತಂದಾರ, ವೇಗ ಅನ್ನೋದು ಈ ನೆಲದಾಗ ಐತಿ. ಬೆಳಗಾವ್ಯಾಗ ಫೌಂಡ್ರಿ ಅದಾವು, ವಿಟಿಯು ಐತಿ, ಕಾರ್ಟ್ ಕಟ್ಟೋ ಕಾಲೇಜು ಹುಡ್ಗೂರು ಅದಾರ. ಒಂದು ಕಿಲೋಮೀಟರಿನ ಕಾರ್ಟಿಂಗ್ ಟ್ರ್ಯಾಕ್ ಕೇಳಾಕತ್ತೀನಿ, ಫಾರ್ಮುಲಾ ಒನ್ ಅಲ್ಲ. ಕೋಲ್ಹಾಪುರದವರಿಗೆ ಆಗಿದ್ದು ನಮಗ ಯಾಕ ಆಗೂದಿಲ್ಲ ಅಂತ ನಿಮ್ಮ ವರದಿಗಾರರು ಜಿಲ್ಲಾ ಉಸ್ತುವಾರಿ ಸಚಿವರಿಗೆ ಒಮ್ಮೆ ಮೈಕ್ ಹಿಡೀಲಿ.

ಪತ್ರ ಉದ್ದ ಆತು, ಕತ್ತರಿ ಹಾಕೋದಾದ್ರ ಮದ್ರಾಸಿನ ಇತಿಹಾಸ ಕತ್ತರಿಸ್ರಿ, ಆಂಬುಲೆನ್ಸ್ ಮತ್ತ ಬ್ರೇಕ್ ಆಯಿಲ್ ಮಾತು ಬಿಡಬ್ಯಾಡ್ರಿ. ಮತ್ತ ಮುಂದಿನ ಪುರವಣ್ಯಾಗ ಬುದ್ಧ ಸರ್ಕ್ಯೂಟಿನ ಫೋಟೋ ಬದಲಿ ಹೊಸಬರಿಗೆ ಕಲಿಸೋ ಸ್ಕೂಲ್‌ಗಳ ತಾರೀಕು ಹಾಕ್ರಿ, ಜನವರಿದು ಈಗಿಂದ ಬುಕ್ ಮಾಡಬೇಕಾಕ್ಕೈತಿ.

ನಿಮ್ಮ ಓದುಗ,
ಒಬ್ಬ ಗ್ಯಾರೇಜ್ ಮಾಲಕ,
ಉದ್ಯಮಬಾಗ, ಬೆಳಗಾವಿ